ಯಾದಿಯಲ್ಲಿ ಇಲ್ಲದ ಕೂಸು

ಮಸ್ಕಿಯ ಒಂದು ಪ್ರಾಥಮಿಕ ಶಾಲೆಯವರು ಹುಲಿಗೇಶನನ್ನು ಮೊದಲ ಸಲ ಕಂಡದ್ದು ತಮ್ಮ ಗೇಟಿನ ಹೊರಗೆ. ಜೂನ್ ತಿಂಗಳ ಕೊನೆಯ ವಾರ. ಮಧ್ಯಾಹ್ನದ ಊಟದ ಗಂಟೆ ಬಾರಿಸಿ ಸ್ವಲ್ಪ ಹೊತ್ತಾಗಿತ್ತು. ಹಳೆಯ ಮೋಟರ್ ಸೈಕಲ್ಲನ್ನು ಗೋಡೆಯ ಪಕ್ಕ ನಿಲ್ಲಿಸಿ, ಎರಡೂ ಕೈಯಿಂದ ಗೇಟಿನ ಸರಳು ಹಿಡಿದುಕೊಂಡು, ಮೂವತ್ತೈದರ ಆಸುಪಾಸಿನ ಗಂಡಸೊಬ್ಬ ಒಳಗೆ ನೋಡುತ್ತ ನಿಂತಿದ್ದ. ಗಾಡಿಯ ಹಿಂದೆ ಹೊಲಕ್ಕೆ ಔಷಧಿ ಹೊಡೆಯುವ ಎರಡು ಪಂಪುಗಳನ್ನು ಹಗ್ಗದಿಂದ ಬಿಗಿದಿದ್ದ. ಅಡುಗೆಯ ಹೆಣ್ಣುಮಗಳು ಎರಡು ಸಲ ಗದರಿಸಿದರೂ ಕದಲಿರಲಿಲ್ಲ. ಕೊನೆಗೆ ಶಾಲೆಯ ಹಿರಿಯ ಮಾಸ್ತರರು ಗೇಟಿಗೆ ಬಂದು, ಯಾರು ಬೇಕಾಗಿತ್ತು ಎಂದು ಕೇಳಿದರು.

ಅವನು ತನ್ನ ಹೆಸರು ಹೇಳಲಿಲ್ಲ. ಒಂದನೆಯ ತರಗತಿಯ ಅಂಜಲಿ ಯಾವ ಕಡೆ ಕೂಡುತ್ತಾಳೆ ಎಂದು ಕೇಳಿದ.

"ಆಕಿದು ಎಡಗಿವಿ ಸೋರ್ತದ್ರಿ ಸರ್. ಮಳಿಗಾಲದಾಗ ಮತ್ತಷ್ಟು. ಬಲಗಿವಿ ಟೀಚರ್ ಕಡೆ ಬರೂ ಹಂಗ ಕುಂದರಸ್ರಿ. ಇಲ್ಲಂದ್ರ ಅರ್ಧಾ ಕೇಳಸ್ತದ, ಉಳದರ್ಧಾ ತಾನ ಕೂಡಿಸಿಕೊಂತಾಳ."

ಇಷ್ಟು ಹೇಳಿ ಗಾಡಿ ಚಾಲೂ ಮಾಡಿಕೊಂಡು ಸಿಂಧನೂರಿನ ದಾರಿ ಹಿಡಿದು ಹೋಗಿಬಿಟ್ಟ. ಮಾಸ್ತರರು ತರಗತಿಯ ಶಿಕ್ಷಕಿಯನ್ನು ವಿಚಾರಿಸಿದಾಗ ಆಕೆ ನಕ್ಕರು. ಆ ಹುಡುಗಿಯ ತಾಯಿ ಶಾಲೆಗೆ ಹಾಕಿದ ದಿನವೇ ಇದೇ ಮಾತನ್ನು ಹೇಳಿ, ಯಾವ ಕಡೆ ಕೂಡಬೇಕೆಂದು ಮಗಳಿಗೆ ತಾನೇ ಜಾಗ ತೋರಿಸಿ ಹೋಗಿದ್ದಳಂತೆ. ಹೀಗೆ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳಿ ಹೋದ ಆ ತಂದೆ ತಾಯಿ ಆ ದಿನಗಳಲ್ಲಿ ಲಿಂಗಸುಗೂರಿನ ಕೋರ್ಟಿನಲ್ಲಿ ಎದುರಾಳಿಗಳಾಗಿದ್ದರು. ಅಂಜಲಿ ಯಾರ ಹತ್ತಿರ ಬೆಳೆಯಬೇಕು ಎಂಬುದೇ ಅವರ ವ್ಯಾಜ್ಯ.

ಹುಲಿಗೇಶನ ಊರು ಸಿಂಧನೂರು ತಾಲೂಕಿನ ವಳಕಮದಿನ್ನಿ. ಕಾಲುವೆ ನೀರಿನ ತುಸು ಗದ್ದೆ ಮನೆಗಿತ್ತು. ಅದನ್ನು ಅವನ ತಾಯಿ ಗದ್ದೆಮ್ಮ ನೋಡಿಕೊಳ್ಳುತ್ತಿದ್ದಳು. ತಂದೆ ಇವನು ಹತ್ತನೆಯ ತರಗತಿಯಲ್ಲಿದ್ದಾಗಲೇ ತೀರಿಕೊಂಡಿದ್ದ. ಓದು ಅಲ್ಲಿಗೇ ನಿಂತಿತು, ಆದರೆ ಬಿಚ್ಚಿ ಕೂಡಿಸುವ ಕೆಲಸದಲ್ಲಿ ಅವನ ಕೈ ಪಳಗಿತ್ತು. ಭತ್ತದ ಸೀಮೆಯಲ್ಲಿ ನಾಟಿ ಮುಗಿದ ಕೆಲವೇ ದಿನಗಳಿಗೆ ಔಷಧಿ ಹೊಡೆಯುವ ಕೆಲಸ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಪಂಪು ಕೆಟ್ಟರೆ ರೈತನಿಗೆ ಒಂದು ದಿನವೂ ತಡೆಯಲಾಗದು. ಹುಲಿಗೇಶ ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಅಂಗಡಿ ಹಾಕಿ, ಪಂಪು ದುರಸ್ತಿ ಮಾಡುತ್ತ, ಸುತ್ತಲ ಹಳ್ಳಿಗಳಿಗೆ ಬೇಕಾದ ಮನುಷ್ಯನಾದ. ಪಕ್ಕದ ಅಂಗಡಿ ದರ್ಜಿ ರಹಮಾನಸಾಬರದು. ವಯಸ್ಸಿನಲ್ಲಿ ಹಿರಿಯರು, ಮಾತಿನಲ್ಲಿ ಚೂಪು. ಹುಲಿಗೇಶ ಅವರನ್ನು ಚಾಚಾ ಎಂದು ಕರೆಯುತ್ತಿದ್ದ.

ಮಸ್ಕಿಯ ಮಾಳಿಂಗಪ್ಪನ ಮಗಳು ಜ್ಯೋತಿಯನ್ನು ಅವನಿಗೆ ಕೊಟ್ಟರು. ಪಿಯುಸಿ ಓದಿದ ಹುಡುಗಿ, ಗಟ್ಟಿ ಸ್ವಭಾವದವಳು. ಚೊಚ್ಚಲ ಹೆರಿಗೆ ಪದ್ಧತಿಯಂತೆ ತವರಿನಲ್ಲಿ ಆಯಿತು. ಐದನೆಯ ತಿಂಗಳಿಗೆ ತಾಯಿ ಮಗು ವಳಕಮದಿನ್ನಿಗೆ ಬರುವಾಗ ತವರಿನವರು ತೊಟ್ಟಿಲನ್ನೂ ಕಳಿಸಿದರು. ಮೊದಲ ಕೂಸಿನ ತೊಟ್ಟಿಲು ತವರಿನಿಂದಲೇ ಬರಬೇಕು. ಈ ಕಡೆ ಯಾರೂ ಇದನ್ನು ತಪ್ಪಿಸುವುದಿಲ್ಲ. ಮಾಳಿಂಗಪ್ಪ ಅದನ್ನು ತೇಗದ ಕಟ್ಟಿಗೆಯಲ್ಲಿ ಮಾಡಿಸಿ, ನಾಲ್ಕೂ ಮೂಲೆಗೆ ಹಸಿರು ಗಿಳಿಗಳನ್ನು ಕೂಡಿಸಿದ್ದ.

ಬಂದ ಹೊಸತರಲ್ಲೇ ಜ್ಯೋತಿಗೆ ಟೈಫಾಯ್ಡ್ ಜ್ವರ ಬಂತು. ಬಿಟ್ಟು ಬಿಟ್ಟು ಮೂರು ತಿಂಗಳು ಕಾಡಿತು. ಕೂಸಿಗೆ ನೀರು ಎರೆಯುವವರು ಯಾರು? ಅದು ಕಾಲು ನೀಡಿ ನೆಲಕ್ಕೆ ಕುಳಿತು, ಮೊಣಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಮಾಡಬೇಕಾದ ಕೆಲಸ. ಗದ್ದೆಮ್ಮನ ಮೊಣಕಾಲು ಮಡಚುತ್ತಿರಲಿಲ್ಲ, ಕೆಳಗೆ ಕುಳಿತರೆ ಏಳಲು ಇಬ್ಬರು ಬೇಕು. ಹುಲಿಗೇಶ ತಾನೇ ಲುಂಗಿ ಮೇಲೆ ಕಟ್ಟಿ ಬಚ್ಚಲಲ್ಲಿ ಕಾಲು ನೀಡಿ ಕುಳಿತ. ತಾಯಿ ಬಾಗಿಲಲ್ಲಿ ನಿಂತು ಹೇಳುತ್ತ ಹೋದಳು, ಮಗ ಮಾಡುತ್ತ ಹೋದ. ಎಣ್ಣೆ ಹಚ್ಚಿ ತೀಡುವುದು, ಮೂಗು ತೀಡುವುದು, ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿಯುವುದು, ಲೋಬಾನದ ಹೊಗೆ ಹಾಕುವುದು, ಎಲ್ಲವನ್ನೂ ಒಂದು ವಾರದಲ್ಲಿ ಕಲಿತ. ನೆರೆಮನೆಯ ಹೆಂಗಸರು ನೋಡಿ ನೋಡಿ ನಕ್ಕು, ಅವನಿಗೆ ಬಾಣಂತಿ ಹುಲಿಗೇಶ ಎಂದು ಹೆಸರಿಟ್ಟರು. ಆ ಹೆಸರು ಸಿಂಧನೂರಿನ ಅಂಗಡಿಯವರೆಗೂ ಬಂತು. ಅವನು ಸಿಟ್ಟಿಗೇಳಲಿಲ್ಲ. ಜ್ಯೋತಿ ಎದ್ದು ಓಡಾಡಿದ ಮೇಲೂ ಕೂಸಿಗೆ ಎರೆಯುವ ಕೆಲಸ ಅವನದಾಗಿಯೇ ಉಳಿಯಿತು.

ಗಂಡ ಹೆಂಡಿರ ನಡುವೆ ಕೆಟ್ಟದ್ದು ಹೇಗೆ ಎಂದರೆ, ದೊಡ್ಡ ಕಾರಣ ತೋರಿಸಲು ಬಾರದು. ಜ್ಯೋತಿಗೆ ಅಂಗಡಿಯ ಹತ್ತಿರ ಸಿಂಧನೂರಿನಲ್ಲಿ ಮನೆ ಮಾಡಬೇಕು, ತಾನೂ ಏನಾದರೂ ಕೆಲಸ ಹಿಡಿಯಬೇಕು ಎಂಬ ಆಸೆ. ಗದ್ದೆಮ್ಮನಿಗೆ ಊರು ಬಿಡಲು ಮನಸ್ಸಿಲ್ಲ. ಅತ್ತೆ ಸೊಸೆ ದಿನಕ್ಕೊಂದು ಮಾತು ಬೆಳೆಸಿದರು. ಹುಲಿಗೇಶ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನೋಡೋಣ ಎಂದು ನಾಲ್ಕು ವರ್ಷ ತಳ್ಳಿದ. ತನ್ನ ತಪ್ಪು ಅದೇ ಎಂದು ಅವನು ಮುಂದೆ ತಾನೇ ಒಪ್ಪಿಕೊಂಡಿದ್ದಾನೆ. ಅಂಜಲಿಗೆ ಐದು ತುಂಬಿದ ಮೇಲೆ ಒಂದು ಬೆಳಗ್ಗೆ ಜ್ಯೋತಿ ಮಗಳ ಕೈ ಹಿಡಿದುಕೊಂಡು ಮಸ್ಕಿಯ ಬಸ್ಸು ಹತ್ತಿದಳು, ಮತ್ತೆ ಬರಲಿಲ್ಲ. ಎರಡು ಸಲ ಹಿರಿಯರು ಕೂಡಿ ಬುದ್ಧಿ ಹೇಳಿದರು, ಹೊಂದಿಕೆ ಆಗಲಿಲ್ಲ. ಮೂರನೆಯ ಸಲ ಬೇರೆಯಾಗಲು ಇಬ್ಬರೂ ಒಪ್ಪಿದರು. ತವರಿನ ಸಾಮಾನು ತವರಿಗೆ ಹೋಗಬೇಕು ಎಂದು ತೀರ್ಮಾನವಾಯಿತು.

ಹುಲಿಗೇಶ ಮಾಡಿದ ಎಡವಟ್ಟು ಅಲ್ಲಿಂದಲೇ ಹುಟ್ಟಿತು. ಮಾಳಿಂಗಪ್ಪ ಹಿರಿಯರ ಮುಂದೆ, ಮಗಳ ಸಾಮಾನಿನಲ್ಲಿ ಒಂದೂ ಕಡಿಮೆಯಾಗಬಾರದು ಎಂದು ಸ್ವಲ್ಪ ಒರಟಾಗಿ ಹೇಳಿದ್ದ. ಆ ಮಾತು ಹುಲಿಗೇಶನಿಗೆ ನಾಟಿತು. ಒಂದು ಸೂಜಿಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಹಟ ಹಿಡಿದು, ಟ್ರ್ಯಾಕ್ಟರ್ ತರಿಸಿ, ಮಂಚ, ತಿಜೋರಿ, ತಾಮ್ರದ ಕೊಡ, ಹಾಸಿಗೆ ಸುರುಳಿ ಎಲ್ಲವನ್ನೂ ಹೇರಿಸಿದ. ಕೊನೆಗೆ ತೊಟ್ಟಿಲನ್ನೂ ಬಿಚ್ಚತೊಡಗಿದಾಗ ಗದ್ದೆಮ್ಮ ಅಡ್ಡ ಬಂದಳು.

"ಅದೊಂದು ಇರ್ಲಿ ಬಿಡಪಾ. ಕೂಸು ಬಂದು ಹೋಗೂ ಮನಿ."

"ಅವರು ಮಾಡ್ಸಿದ್ದು ಅವರ ಮನಿಗೆ ಹೋಗ್ಲಿ," ಎಂದು ಅವನು ತೊಟ್ಟಿಲನ್ನು ಗಾಡಿಗೆ ಏರಿಸಿದ.

ಸಾಮಾನಿನ ಯಾದಿಯನ್ನು ತಾನೇ ದುಂಡಗೆ ಬರೆದ. ಹತ್ತೊಂಬತ್ತನೆಯದು ತೊಟ್ಟಿಲು. ಇಪ್ಪತ್ತನೆಯದು ಕೂಸಿನ ಅರಿವೆಯ ಗಂಟು. ಕೆಳಗೆ, ನಮ್ಮ ಕಡೆ ಇನ್ನು ಏನೂ ಉಳಿದಿಲ್ಲ, ಮುಂದೆ ಯಾವ ತಕರಾರೂ ಇಲ್ಲ ಎಂದು ಬರೆದು ಸಹಿ ಹಾಕಿದ. ಐದು ಮಂದಿ ಹಿರಿಯರು ಸಾಕ್ಷಿ ಹಾಕಿದರು. ಆ ಹೊತ್ತಿನಲ್ಲಿ ಅಂಜಲಿ ತಾತನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳ ಬಗ್ಗೆ ಆ ದಿನ ಯಾರೂ ಒಂದು ಮಾತೂ ಆಡಲಿಲ್ಲ. ಕೇಳುವುದೇನಿದೆ, ವಾರಕ್ಕೊಮ್ಮೆ ಮಗಳು ಬಂದೇ ಬರುತ್ತಾಳೆ ಎಂದು ಹುಲಿಗೇಶ ತಿಳಿದಿದ್ದ.

ಮೊದಲ ಕೆಲವು ಭಾನುವಾರ ಹಾಗೆಯೇ ನಡೆಯಿತು. ಆಮೇಲೆ ಕೂಸಿಗೆ ನೆಗಡಿ, ಕೂಸು ಊರಲ್ಲಿಲ್ಲ, ಕೂಸು ಮಲಗಿದೆ ಎಂಬ ನೆಪಗಳು ಬಂದವು. ಒಂದು ಭಾನುವಾರ ಹುಲಿಗೇಶ ಮಸ್ಕಿಗೆ ಹೋದಾಗ ಮಾಳಿಂಗಪ್ಪ ಬಾಗಿಲಿಗೇ ಬಂದು ನಿಂತ.

"ಎಲ್ಲಾ ತಿರುಗಿ ಕೊಟ್ಟೀಯಲ್ಲಪಾ, ತೊಟ್ಟಿಲಾ ಸೈತ. ತಕರಾರಿಲ್ಲಂತ ನಿನ್ನ ಕೈಯಾರ ಬರ್ದೀದಿ. ಮತ್ಯಾಕ ಬರ್ತಿ?"

"ಮಾವಾರ, ನಾ ಸಾಮಾನ ಕೊಟ್ಟೀನ್ರಿ. ಮಗಳ್ನ ಕೊಟ್ಟಿಲ್ಲ."

ಮಾಳಿಂಗಪ್ಪ ಒಳಗೆ ಹೋಗಿ ಅಗಳಿ ಹಾಕಿದ. ಹುಲಿಗೇಶ ತಂದಿದ್ದ ಖಾರಾ ಚುರುಮುರಿಯ ಪೊಟ್ಟಣವನ್ನು ಕಟ್ಟೆಯ ಮೇಲೆ ಇಟ್ಟು ಬಂದ.

ಮುಂದಿನ ತಿಂಗಳುಗಳಲ್ಲಿ ಅವನಿಗೆ ಹೆಚ್ಚು ನೋವು ಕೊಟ್ಟವರು ಮಾವನ ಮನೆಯವರಲ್ಲ, ಉಳಿದವರು. ಹಿರಿಯರ ಹತ್ತಿರ ಹೋದರೆ, ಹೆಣ್ಣುಕೂಸು ತಾಯಿಯ ಹತ್ತಿರ ಇರುವುದೇ ಚೆಂದ ಎಂದರು. ಪೊಲೀಸರ ಹತ್ತಿರ ಅರ್ಜಿ ಒಯ್ದರೆ, ಕೂಸು ತಾಯಿ ಕಡೆ ಇದೆ ಎಂದ ಮೇಲೆ ಕಳೆದಿಲ್ಲವಲ್ಲ ಎಂದು ಮಡಚಿ ಕೈಗೆ ಕೊಟ್ಟರು. ಪಂಪು ದುರಸ್ತಿಗೆ ಬಂದ ದಢೇಸುಗೂರಿನ ರೈತನೊಬ್ಬ ಒಳ್ಳೆಯ ಮನಸ್ಸಿನಿಂದಲೇ, ಇನ್ನೊಂದು ಮದುವೆ ಮಾಡಿಕೋ, ಇನ್ನೊಂದು ಕೂಸು ಆಗುತ್ತದೆ ಎಂದ. ಆ ದಿನ ಹುಲಿಗೇಶ ಬಿಚ್ಚಿದ ಪಂಪನ್ನು ಹಾಗೆಯೇ ಬಿಟ್ಟು ಅಂಗಡಿಯ ಹಿಂದೆ ಹೋಗಿ ಕುಳಿತುಬಿಟ್ಟ. ಗಂಡಸು ಮಗಳಿಗಾಗಿ ಅಳುವುದನ್ನು ಯಾರಿಗೂ ನೋಡಿ ರೂಢಿಯಿರಲಿಲ್ಲ. ರಹಮಾನಸಾಬರು ಮಾತ್ರ ಎದ್ದು ಹೋಗಿ, ಪಕ್ಕದಲ್ಲಿ ಕುಳಿತು ಗುಂಡಿಗಳಿಗೆ ದಾರ ಹಾಕುತ್ತ ಇದ್ದರು.

ಅವನನ್ನು ವಕೀಲರ ಹತ್ತಿರ ಕರೆದುಕೊಂಡು ಹೋದವರೂ ಅವರೇ. ರಹಮಾನಸಾಬರ ತಮ್ಮನ ಮಗಳು ಶಾಹೀಸ್ತಾ ಲಿಂಗಸುಗೂರಿನಲ್ಲಿ ವಕೀಲಿ ಮಾಡುತ್ತಿದ್ದಳು. ಬಸ್ಸಿನಲ್ಲಿ ಹೋಗುವಾಗ ಹುಲಿಗೇಶ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಕಾನೂನು ಇರುವುದೇ ಹೆಂಗಸರಿಗಾಗಿ, ಅಪ್ಪಂದಿರ ಮಾತು ಅಲ್ಲಿ ನಡೆಯುವುದಿಲ್ಲ ಎಂದು. ಶಾಹೀಸ್ತಾ ಅವನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಸಮಾಧಾನದಿಂದ ಬಿಡಿಸಿ ಹೇಳಿದಳು. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಲಿ ಎಂದು ಕಾನೂನು ಹೇಳುತ್ತದೆ. ಅಂಜಲಿಗೆ ಐದು ದಾಟಿದೆ. ದಾಟಿದ ಮೇಲೂ ಮುಂಚೆಯೂ ಕೋರ್ಟು ಮೊದಲು ನೋಡುವುದು ಕೂಸಿನ ಹಿತವನ್ನು. ತಂದೆಗೆ ಹಕ್ಕಿಲ್ಲ ಎಂದು ಎಲ್ಲಿಯೂ ಬರೆದಿಲ್ಲ.

"ಹಂಗಾರ ಎಲ್ಲಾರೂ ಯಾಕ ಹಂಗಂತಾರ್ರಿ?"

"ಮಂದಿ ಕೋರ್ಟಿಗೆ ಬರೂಕಿಂತ ಮೊದಲ ಅವರ ಮನಸಿನ್ಯಾಗ ತೀರ್ಪು ಆಗಿರ್ತದಣ್ಣಾ. ಅದು ಖರೇನ. ಕೆಲವೊಮ್ಮೆ ಒಳಗ ಕುಂತವರಿಗೂ ಅದ ರೂಢಿ ಇರ್ತದ, ನಾ ಸುಳ್ಳು ಹೇಳೂದಿಲ್ಲ. ಆದ್ರ ನನಗ ಹೆದರಿಕಿ ಇರೂದು ಅದಲ್ಲ, ನೀ ಬರದ ಆ ಯಾದಿ."

ಅರ್ಜಿ ಹಾಕಿದರು. ನೋಟಿಸು, ತಾರೀಖು, ಮತ್ತೆ ತಾರೀಖು. ಮುಂಗಾರು ಕೂಡಿಬಂದರೂ ಮಗಳ ಮುಖ ಕಾಣಲಿಲ್ಲ. ಆಗ ಚಹಾದಂಗಡಿಯಲ್ಲಿ ಕಾನೂನು ಹೇಳುವವನೊಬ್ಬ ಹುಲಿಗೇಶನ ಕಿವಿಯಲ್ಲಿ ಒಂದು ಉಪಾಯ ಊದಿದ. ಶಾಲೆಯ ಊಟದ ಹೊತ್ತಿನಲ್ಲಿ ಹೋಗಿ ಕೂಸನ್ನು ಗಾಡಿಯ ಮೇಲೆ ಕೂಡಿಸಿಕೊಂಡು ಬಾ, ಒಮ್ಮೆ ನಿನ್ನ ಮನೆ ಸೇರಿದರೆ ಬಿಡಿಸಿಕೊಳ್ಳುವ ಪಾಳಿ ಅವರದು ಎಂದು. ಶಾಹೀಸ್ತಾ ಮೊದಲೇ ಇಂಥ ಕೆಲಸ ಮಾಡಬೇಡ ಎಂದು ಎಚ್ಚರಿಸಿದ್ದಳು. ಆದರೂ ಹುಲಿಗೇಶ ಹೋದ. ಗೇಟಿನ ಸರಳು ಹಿಡಿದು ನಿಂತ ಆ ಮಧ್ಯಾಹ್ನ ಅವನು ಬಂದದ್ದು ಕಿವಿಯ ಮಾತು ಹೇಳಲಿಕ್ಕಲ್ಲ, ಮಗಳನ್ನು ಎತ್ತಿಕೊಂಡು ಹೋಗಲಿಕ್ಕೆ.

ಅಂಜಲಿ ಸಾಲಿನಲ್ಲಿ ಕುಳಿತು ಅನ್ನ ಸಾರು ಉಣ್ಣುತ್ತಿದ್ದಳು. ಎರಡು ಜಡೆ, ಕೆಂಪು ರಿಬ್ಬನ್ನು. ಪಕ್ಕದವಳು ಏನೋ ಹೇಳಿದ್ದಕ್ಕೆ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಗುತ್ತಿದ್ದಳು. ಅವಳ ಚಪ್ಪಲಿಗಳು ವರಾಂಡದ ಮೆಟ್ಟಿಲ ಹತ್ತಿರ ಇಪ್ಪತ್ತು ಜೋಡಿಗಳ ನಡುವೆ ಇದ್ದವು. ಪುಸ್ತಕದ ಚೀಲ ಒಳಗಿತ್ತು. ಚಪ್ಪಲಿ ಹಾಕಿಸದೆ ಹೇಗೆ ಒಯ್ಯಲಿ ಎಂದು ಅವನಿಗೆ ಮೊದಲು ಹೊಳೆಯಿತು. ಆಮೇಲೆ, ಊಟದ ನಡುವೆ ಹೇಗೆ ಎಬ್ಬಿಸಲಿ ಎಂದು. ಆಮೇಲೆ, ಸಂಜೆ ಜ್ಯೋತಿ ಬಂದು ಈ ಮೆಟ್ಟಿಲ ಹತ್ತಿರ ಬರಿಯ ಚಪ್ಪಲಿ ಕಂಡರೆ ಏನಾದೀತು ಎಂದು. ಅಷ್ಟರಲ್ಲಿ ಮಾಸ್ತರರು ಬಂದು ಕೇಳಿದರು. ಬಾಯಿಗೆ ಬಂದದ್ದು ಕಿವಿಯ ಮಾತು. ಹಿಂದಿರುಗುವಾಗ ಕಾಲುವೆಯ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಬಹಳ ಹೊತ್ತು ನೀರು ನೋಡುತ್ತ ನಿಂತಿದ್ದನಂತೆ. ಶಾಹೀಸ್ತಾಳಿಗೆ ಎಲ್ಲವನ್ನೂ ಹೇಳಿದ. ಅವಳು ಬಯ್ಯಲಿಲ್ಲ. ಮುಂದಿನ ತಾರೀಖಿಗೆ, ಪ್ರಕರಣ ಮುಗಿಯುವವರೆಗೆ ಮಗಳನ್ನು ಕಾಣಲು ಅನುಮತಿ ಬೇಕೆಂದು ಬೇರೆ ಅರ್ಜಿ ಹಾಕಿದಳು. ತಿಂಗಳಿಗೆ ಎರಡು ಶನಿವಾರ, ಕೋರ್ಟಿನ ಆವರಣದಲ್ಲಿ, ಒಂದೊಂದು ತಾಸು ಎಂದು ಆದೇಶವಾಯಿತು.

ಆ ತಾಸುಗಳನ್ನು ಹುಲಿಗೇಶ ಈಗಲೂ ನೆನೆಯುತ್ತಾನೆ. ಆವರಣದ ಬೇವಿನ ಗಿಡದ ಕೆಳಗೆ ಸಿಮೆಂಟಿನ ಕಟ್ಟೆ. ಈ ತುದಿಗೆ ಅಪ್ಪ ಮಗಳು, ಆ ತುದಿಗೆ ಜ್ಯೋತಿ, ಅವಳ ಹಿಂದೆ ಮಾಳಿಂಗಪ್ಪ. ಮೊದಲ ಸಲ ಅಂಜಲಿ ಅವನ ಹತ್ತಿರ ಬರಲು ನಾಚಿದಳು. ಎರಡನೆಯ ಸಲ ಬಂದು, ಅಂಗಿಯ ಕಿಸೆಯಲ್ಲಿ ಕೈ ಹಾಕಿ ನೋಡಿದಳು. ಮೂರನೆಯ ಸಲಕ್ಕೆ ಅವನ ತೊಡೆಯ ಮೇಲೆ ಕುಳಿತು ಮಗ್ಗಿ ಒಪ್ಪಿಸಿದಳು. ಅವನು ಗಡಿಯಾರ ನೋಡುತ್ತಿದ್ದ. ತಾಸು ಮುಗಿಯಲು ಎರಡು ನಿಮಿಷ ಇರುವಾಗಲೇ ಎದ್ದು ಮಗಳನ್ನು ತಾಯಿಯ ಕಡೆಗೆ ಕಳಿಸುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಜ್ಯೋತಿ ಅದನ್ನು ನೋಡುತ್ತಿದ್ದಳು. ಅವಳಿಗೂ ಒಂದು ಭಯ ಇತ್ತು. ಮಾಳಿಂಗಪ್ಪನ ಹಟಕ್ಕಿಂತ ಅದು ದೊಡ್ಡದು. ಕೂಸು ಒಮ್ಮೆ ವಳಕಮದಿನ್ನಿಗೆ ಹೋದರೆ ತಿರುಗಿ ಬರಲಿಕ್ಕಿಲ್ಲ ಎಂಬ ಭಯ.

ಸಾಕ್ಷಿಯ ದಿನ ಬಂತು. ನ್ಯಾಯಾಧೀಶರು ಹೆಂಗಸು. ಅವರನ್ನು ಕಂಡಾಗಲೆಲ್ಲ ಹುಲಿಗೇಶನಿಗೆ ತನ್ನ ಮಾತು ನಡೆಯಲಿಕ್ಕಿಲ್ಲ ಎನಿಸುತ್ತಿತ್ತು. ಎದುರು ಕಡೆಯ ವಕೀಲರು ವಯಸ್ಸಾದವರು, ಜೋರಿನವರು. ಔಷಧಿಯ ವಾಸನೆಯ ಅಂಗಡಿಯಲ್ಲಿ ಕೂಸನ್ನು ಎಲ್ಲಿ ಕೂಡಿಸುತ್ತೀ ಎಂದು ಕೇಳಿದರು. ಮುಂದೆ ಮಗಳು ದೊಡ್ಡವಳಾದರೆ ಯಾರಿದ್ದಾರೆ ಎಂದು ಕೇಳಿದರು. ಅವ್ವ ಇದ್ದಾಳೆ, ಅವಳಿಲ್ಲದಿದ್ದರೆ ತಾನೇ ಕೇಳಿ ಕಲಿಯುತ್ತೇನೆ ಎಂದು ಅವನು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಗ ವಕೀಲರು ಯಾದಿ ತೆಗೆದರು. ಹತ್ತೊಂಬತ್ತು, ಇಪ್ಪತ್ತನೆಯ ಸಾಲುಗಳನ್ನು ಗಟ್ಟಿಯಾಗಿ ಓದಿ, ಮೊದಲ ಕೂಸಿನ ತೊಟ್ಟಿಲನ್ನೇ ತಿರುಗಿ ಕಳಿಸಿದ ಮನುಷ್ಯ ಕೂಸನ್ನು ಬಿಟ್ಟುಕೊಟ್ಟ ಹಾಗೆಯೇ ಅಲ್ಲವೇ, ಇದು ನಿನ್ನ ಸಹಿ ಹೌದೋ ಅಲ್ಲವೋ ಎಂದರು.

ಸಹಿ ತನ್ನದೇ. ಹುಲಿಗೇಶ ಹೌದೆಂದು ತಲೆಯಾಡಿಸಿದ. ನ್ಯಾಯಾಧೀಶರು, ನೀವು ಏನು ತಿಳಿದು ಬರೆದಿರಿ, ಹೇಳಿ ಎಂದರು. ಒಂದೂವರೆ ವರ್ಷದಿಂದ ಒಳಗೆ ಕೂಡಿಟ್ಟದ್ದು ಒಮ್ಮೆಗೇ ಹೊರಗೆ ಬಂತು.

"ಏನ್ ಹೇಳ್ಲಿರಿ? ನೀವೂ ಹೆಣ್ಮಕ್ಕಳು. ಅಪ್ಪನ ಸಂಕಟ ನಿಮಗ ಹೆಂಗ ತಿಳೀತದ್ರಿ?"

ಶಾಹೀಸ್ತಾ ಹಣೆಗೆ ಕೈ ಹಚ್ಚಿಕೊಂಡಳು. ರಹಮಾನಸಾಬರು ಬಾಗಿಲ ಹತ್ತಿರ ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದರು.

"ನನಗೂ ಅಪ್ಪ ಇದ್ದರು. ನೀವು ಮುಂದೆ ಹೇಳಿ."

ಅಷ್ಟೇ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹುಲಿಗೇಶ ತನಗೆ ತಿಳಿದ ಹಾಗೆ ಹೇಳಿದ. ಮಾವನ ಮಾತಿಗೆ ರೋಷ ಬಂದು ತೊಟ್ಟಿಲು ಹೇರಿದ್ದು, ಅವ್ವ ಬೇಡವೆಂದದ್ದು, ಏನೂ ಉಳಿದಿಲ್ಲ ಎಂದು ಬರೆಯುವಾಗ ಮಂಚ ತಿಜೋರಿಗಳಷ್ಟೇ ಕಣ್ಣ ಮುಂದೆ ಇದ್ದದ್ದು.

ಮುಂದಿನ ಪಾಳಿ ಜ್ಯೋತಿಯದು. ಅವಳ ಅಪ್ಪ ಹಿಂದಿನ ಬೆಂಚಿನಲ್ಲೇ ಕುಳಿತಿದ್ದ. ಶಾಹೀಸ್ತಾ ಉದ್ದ ಪ್ರಶ್ನೆ ಕೇಳಲಿಲ್ಲ. ತೊಟ್ಟಿಲು ತಿರುಗಿ ಬಂದ ದಿನ, ಗಂಡ ಮಗಳನ್ನು ಬಿಟ್ಟುಕೊಟ್ಟ ಎಂದು ನೀವು ತಿಳಿದಿರಾ ಎಂದು ಕೇಳಿದಳು. ಜ್ಯೋತಿ ಕಟಕಟೆಯ ಕಟ್ಟಿಗೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಹುಲಿಗೇಶ ನೆಲ ನೋಡುತ್ತಿದ್ದ. ಅವಳು ಹೌದು ಎಂದರೆ ಎಲ್ಲವೂ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು.

"ಇಲ್ರಿ," ಎಂದಳು ಜ್ಯೋತಿ. "ತೊಟ್ಟಿಲಾ ನಮ್ಮಪ್ಪ ಮಾಡ್ಸಿದ್ದು. ಅದು ನಮ್ಮ ಮನಿಗೆ ಬರೂದ ಸರಿ. ಕೂಸಿನ ಹೆಸರನ್ನ ಸಾಮಾನಿನ ಯಾದ್ಯಾಗ ಯಾರ ಬರಸ್ತಾರ್ರಿ? ನಾ ಜ್ವರಾ ಬಂದು ಮಕ್ಕೊಂಡಾಗ ಆಕೀನ ಎರದು ಮಲಗಿಸಿದವರು ಅವರ. ಬಿಟ್ಟುಕೊಡೂ ಮನಷ್ಯಾ ಅಲ್ಲ."

ತನ್ನ ಅಪ್ಪನ ಕಡೆ ನೋಡದೆಯೇ ಮತ್ತೊಂದು ಮಾತು ಸೇರಿಸಿದಳು. ಕೂಸು ಹೋಗಿ ಬರಲಿ, ಆದರೆ ತಿರುಗಿ ಬರಬೇಕು, ಅದೊಂದನ್ನು ಕೋರ್ಟು ಗಟ್ಟಿ ಮಾಡಿ ಕೊಡಬೇಕು ಎಂದು. ಮಾಳಿಂಗಪ್ಪ ಎದ್ದು ಹೊರಗೆ ಹೋದ. ಯಾರೂ ಅವನನ್ನು ತಡೆಯಲಿಲ್ಲ.

ನ್ಯಾಯಾಧೀಶರು ಇನ್ನೊಂದು ದಿನ ಅಂಜಲಿಯನ್ನು ಒಬ್ಬಳನ್ನೇ ತಮ್ಮ ಕೋಣೆಗೆ ಕರೆಸಿಕೊಂಡು ಮಾತಾಡಿಸಿದರು. ಏನು ಕೇಳಿದರು ಎಂದು ಹೊರಗೆ ಬಂದವಳನ್ನು ಎಲ್ಲರೂ ಕೇಳಿದರು. ಭಾನುವಾರ ಏನು ಉಣ್ಣುತ್ತೀ ಎಂದು ಕೇಳಿದರು, ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಎಂದು ನಾನು ಕೇಳಿದೆ ಎಂದಳು. ಉಳಿದದ್ದು ಅವಳಿಗೂ ಅವರಿಗೂ ಮಾತ್ರ ಗೊತ್ತು.

ಅಂಜಲಿ ಎರಡನೆಯ ತರಗತಿಗೆ ಹೋದ ವರ್ಷದ ಆಗಸ್ಟ್ ತಿಂಗಳಲ್ಲಿ ಆದೇಶವಾಯಿತು. ಶಾಲೆಯ ದಿನಗಳಲ್ಲಿ ಅಂಜಲಿ ಮಸ್ಕಿಯಲ್ಲಿ ತಾಯಿಯ ಹತ್ತಿರ. ಶನಿವಾರ ಶಾಲೆ ಬಿಟ್ಟ ಹೊತ್ತಿನಿಂದ ಭಾನುವಾರ ಸಂಜೆಯವರೆಗೆ ತಂದೆಯ ಹತ್ತಿರ. ದಸರೆಯ ಮತ್ತು ಬೇಸಿಗೆಯ ರಜೆಯಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ದಿನವೂ ಸಂಜೆ ಫೋನಿನಲ್ಲಿ ಮಾತು. ಶಾಲೆಯ ವಿಷಯ, ಆಸ್ಪತ್ರೆಯ ವಿಷಯ ಇಬ್ಬರಿಗೂ ತಿಳಿಯಬೇಕು. ಹುಲಿಗೇಶ ಕೇಳಿದ್ದು ಮಗಳು ಪೂರ್ತಿಯಾಗಿ ತನ್ನ ಹತ್ತಿರ ಇರಬೇಕೆಂದು, ಅದು ಸಿಗಲಿಲ್ಲ. ಆದರೆ ಇನ್ನೆಂದೂ ಮುಖ ಕಾಣಲಿಕ್ಕಿಲ್ಲ ಎಂದು ಹೆದರಿ ಹೆದರಿ ಬದುಕಿದವನಿಗೆ ವಾರಕ್ಕೊಂದು ಶನಿವಾರ ಕಾಯಂ ಆಗಿ ಬರೆದು ಸಿಕ್ಕಿದ್ದು ಸಣ್ಣದಾಗಿ ಕಾಣಲಿಲ್ಲ. ಶಾಹೀಸ್ತಾ ಆದೇಶವನ್ನು ಎರಡು ಸಲ ಓದಿ ಹೇಳಿದಳು. ಮೂರನೆಯ ಸಲ ಅವನೇ ಓದಿದ. ಕೋರ್ಟಿನ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡು, ಅಂಗಿಯ ತೋಳಿನಿಂದ ಒರೆಸಿಕೊಂಡ. ಹೊರಗಿನ ಹೋಟೆಲಿನಲ್ಲಿ ಒಗ್ಗರಣೆ ಚುರುಮುರಿಯ ಸುಸಲಾ, ಮಿರ್ಚಿ ಬಜ್ಜಿ ತರಿಸಿದರು. ಹುಲಿಗೇಶ ಮೂರು ತಾಟು ತಿಂದ.

"ಲೇ ಹುಲ್ಯಾ," ಎಂದರು ರಹಮಾನಸಾಬರು, "ಆ ಅಮ್ಮಾರಿಗೆ ನೀವು ಹೆಣ್ಮಕ್ಕಳು ಅಂದಿ ನೋಡು, ನನ್ನ ಜೀವ ಅಲ್ಲೇ ಹೋಗಿತ್ತು. ಈಗ ತಿನ್ನಾಕತ್ತೀ ಬಕಾಸುರನಂಗ."

"ನಂದೂ ಹೋಗಿತ್ತು ಚಾಚಾ," ಎಂದ ಅವನು.

ಮೊದಲ ಶನಿವಾರ ಅಂಜಲಿ ವಳಕಮದಿನ್ನಿಗೆ ಬಂದಾಗ ಗದ್ದೆಮ್ಮ ನೋಯುವ ಮೊಣಕಾಲನ್ನೂ ಮರೆತು ಓಣಿಯ ತುದಿಗೆ ಬಂದಿದ್ದಳು. ಮೊಮ್ಮಗಳ ತಲೆಗೆ ಎಣ್ಣೆ, ಸಜ್ಜೆಯ ರೊಟ್ಟಿ, ಕೆನೆ ಮೊಸರು, ಬಂದುಹೋಗುವವರೆಲ್ಲರಿಗೂ ತೋರಿಸುವುದು, ಇಷ್ಟರಲ್ಲಿ ಭಾನುವಾರ ಮಧ್ಯಾಹ್ನ ಆಗಿಯೇ ಹೋಯಿತು. ಗದ್ದೆಮ್ಮ ಮಗನ ಅಂಗಿ ಹಿಡಿದುಕೊಂಡು, ಇನ್ನೊಂದು ದಿನ ಇರಲಿ, ಒಂದು ದಿನಕ್ಕೆ ಯಾರು ಏನು ಕೇಳುತ್ತಾರೆ ಎಂದು ಗೋಗರೆದಳು. ಹುಲಿಗೇಶ ಕೇಳಲಿಲ್ಲ. ಮಗಳಿಗೆ ಚಪ್ಪಲಿ ಹಾಕಿಸಿ, ಸಿಂಧನೂರಿಗೆ ಕರೆತಂದು, ನಾಲ್ಕು ಗಂಟೆಯ ಬಸ್ಸು ಹಿಡಿದ.

ಮಸ್ಕಿಯಲ್ಲಿ ಜ್ಯೋತಿ ಬಹಳ ಮೊದಲೇ ಬಂದು ನಿಂತಿದ್ದಳು. ಸೆರಗಿನ ತುದಿಯನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದಳು. ಸಿಂಧನೂರಿನ ಕಡೆಯಿಂದ ಬರುವ ಪ್ರತಿಯೊಂದು ಬಸ್ಸಿನ ಬಾಗಿಲನ್ನೂ ನೋಡುತ್ತಿದ್ದಳು. ಬಸ್ಸು ನಿಂತು ಅಂಜಲಿ ಇಳಿದಾಗ ಅವಳ ಮುಷ್ಟಿ ತಾನಾಗಿ ಬಿಚ್ಚಿತು. ಗಂಡ ಹೆಂಡತಿಯಾಗಿದ್ದಾಗ ಅಷ್ಟು ಮಾತಾಡದಿದ್ದವರು ಆ ದಿನ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತು ಮಾತಾಡಿದರು. ಕಿವಿಗೆ ಹಾಕುವ ಔಷಧಿ ಮುಗಿದಿದೆ, ಶನಿವಾರದ ಹೋಂವರ್ಕ್ ಉಳಿದಿದೆ, ಬಿಸಿಲಿಗೆ ಟೋಪಿ ಕೊಡಿಸಬೇಕು, ಇಂಥವೇ. ನಾಲ್ಕಾರು ವಾರ ಹೀಗೆ ತಪ್ಪದೆ ನಡೆದ ಮೇಲೆ ಅವಳು ನಿಲ್ದಾಣಕ್ಕೆ ಹೊತ್ತಿಗೆ ಸರಿಯಾಗಿ ಬರತೊಡಗಿದಳು. ದೀಪಾವಳಿ ಕಳೆದ ಮೇಲೆ ಮಾಳಿಂಗಪ್ಪನೇ ಮೊಮ್ಮಗಳನ್ನು ಕರೆಯಲು ಬಂದು, ಅಳಿಯನಿಗೆ, ಒಂದು ಪಂಪು ಕೆಟ್ಟಿದೆ, ನೋಡುತ್ತೀಯೇನು ಎಂದು ಎತ್ತಲೋ ನೋಡುತ್ತ ಕೇಳಿದ. ಹುಲಿಗೇಶ ಅದನ್ನು ಹೆಗಲಿಗೆ ಹಾಕಿಕೊಂಡು ಅದೇ ಬಸ್ಸಿಗೆ ತಿರುಗಿ ಬಂದ.

ಕಾನೂನು ಹೆಂಗಸರದು ಎಂದು ಈಗ ಯಾರಾದರೂ ಅಂಗಡಿಯಲ್ಲಿ ಹೇಳಿದರೆ ಹುಲಿಗೇಶ ಜಗಳಕ್ಕೆ ಹೋಗುವುದಿಲ್ಲ, ಹೂಂ ಎಂದೂ ಅನ್ನುವುದಿಲ್ಲ. ತನ್ನ ಮಾತನ್ನು ಬಹಳ ಮಂದಿ ಕೇಳದೆ ಕಳಿಸಿದ್ದು ನಿಜ ಎನ್ನುತ್ತಾನೆ. ಕೇಳಿದವರೂ ಇದ್ದರು, ಅವರಲ್ಲಿ ಮೂವರು ಹೆಂಗಸರು ಎಂದೂ ಹೇಳುತ್ತಾನೆ. ಮನೆ ಒಡೆದ ಇಬ್ಬರು ಮೂವರು ತಂದೆಯರು ಅವನ ಹತ್ತಿರ ಬಂದು ವಿಚಾರಿಸಿದ್ದುಂಟು. ಅವರಿಗೆ ಅವನು ಹೇಳುವುದು ಎರಡೇ ಮಾತು. ಕೂಸನ್ನು ಎತ್ತಿಕೊಂಡು ಹೋಗಬೇಡಿ. ಸಿಟ್ಟಿನಲ್ಲಿ ಏನನ್ನೂ ಬರೆದು ಸಹಿ ಹಾಕಬೇಡಿ.

ಅಂಜಲಿ ಈಗ ಮೂರನೆಯ ತರಗತಿ. ಜ್ಯೋತಿ ಮಸ್ಕಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿಗಳನ್ನು ಟೈಪು ಮಾಡುತ್ತಾಳೆ. ಹುಲಿಗೇಶ ಶನಿವಾರ ಹತ್ತು ಗಂಟೆಗೇ ಅಂಗಡಿ ಮುಚ್ಚುತ್ತಾನೆ. ಔಷಧಿ ಹೊಡೆಯುವ ಭರಾಟೆಯ ದಿನಗಳಲ್ಲಿ ರೈತರು ಗೊಣಗುತ್ತಾರೆ, ಪಂಪನ್ನು ರಹಮಾನಸಾಬರ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ.

ಬರುವ ತಿಂಗಳು ಶಾಲೆಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗು. ಅಂಜಲಿ ಕುಣಿಯುವವರ ಸಾಲಿನಲ್ಲಿದ್ದಾಳೆ. ಕುಪ್ಪಸ, ಬಳೆ, ಗೆಜ್ಜೆ ನಮ್ಮ ಕಡೆ, ಸೊಂಟಕ್ಕೆ ಕಟ್ಟುವ ನೆರಿಗೆಯ ಹಸಿರು ಪರಕಾರ ನಿಮ್ಮ ಕಡೆ ಎಂದು ಜ್ಯೋತಿ ಫೋನಿನಲ್ಲಿ ಹಂಚಿ ಹೇಳಿದ್ದಾಳೆ. ಅರಿವೆ ಕತ್ತರಿಸಿ ಮಷೀನಿನ ಹೊಲಿಗೆ ಹಾಕಿಕೊಟ್ಟ ರಹಮಾನಸಾಬರು, ಕೆಳಗಿನ ಅಂಚನ್ನು ಮಡಚಿ ಕೈಯಿಂದ ಹೊಲಿಯುವ ಕೆಲಸವನ್ನು ಬೇಕೆಂದೇ ಅವನಿಗೆ ಬಿಟ್ಟಿದ್ದಾರೆ. ಈ ವಾರವೆಲ್ಲ ಹುಲಿಗೇಶ ಮಧ್ಯಾಹ್ನ ಊಟವಾದ ಮೇಲೆ ಕೈಗೆ ಎರಡು ಸಲ ಸಾಬೂನು ಹಚ್ಚಿ ತೊಳೆದುಕೊಂಡು, ಚಾಚಾನ ಅಂಗಡಿಯ ಕಟ್ಟೆಯ ಮೇಲೆ ಹಸಿರು ಪರಕಾರವನ್ನು ತೊಡೆಯ ಮೇಲೆ ಹರವಿಕೊಂಡು ಕೂಡುತ್ತಾನೆ. ನಿನ್ನೆ ಹಾಕಿದ ಹೊಲಿಗೆ ಸೊಟ್ಟ ಇದೆ ಎಂದು ಚಾಚಾ ಬಿಚ್ಚಿಸಿದರು. ಇವತ್ತು ಮತ್ತೆ ಹಾಕುತ್ತಿದ್ದಾನೆ. ಅಂಚು ಇನ್ನೂ ಅರ್ಧ ಉಳಿದಿದೆ.